ಹಾಲುಬಂಡೆಗೆ ಹೋಗಿ ಬಂದದ್ದು

ಹಾಲುಬಂಡೆಯ ಕಥೆಯನ್ನು ನಾನು ಮೊದಲು ಕೇಳಿದ್ದು ನೈರೋಬಿಯ ಪಂಗಾನಿಯಲ್ಲಿ, ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯ ನೆಲದ ಮೇಲೆ ಕೂತು ಅಳುತ್ತಿದ್ದಾಗ. ಮಗಳು ಹುಟ್ಟಿ ಒಂಬತ್ತು ದಿನವಾಗಿತ್ತು. ಐದು ವಾರ ಮುಂಚೆಯೇ ಬಂದ ಕೂಸು. ಬೆರಳುಗಳು ಬೆಂಡೆಕಾಯಿಯ ತುದಿಯಷ್ಟು. ನನಗೆ ಎದೆಹಾಲು ಬಂದಿರಲಿಲ್ಲ.

ನನ್ನ ಗಂಡ ಇಲ್ಲಿನ ಒಂದು ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಾರೆ. ಮದುವೆಯಾಗಿ ಮೈಸೂರಿನಿಂದ ಬಂದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಬಾಣಂತನಕ್ಕೆ ಅಮ್ಮ ಬರುವುದೆಂದು ನಿಶ್ಚಯವಾಗಿತ್ತು, ಟಿಕೆಟ್ಟೂ ಆಗಿತ್ತು. ಕೂಸು ಅವಸರ ಮಾಡಿತು. ಅದೇ ವಾರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ದಿನಕ್ಕೆ ನಾಲ್ಕು ಸಲ ವಿಡಿಯೋ ಕಾಲ್ ಮಾಡುತ್ತಿದ್ದರು. ಸಬ್ಬಸಿಗೆ ಸೊಪ್ಪು ತಿಂದೆಯಾ, ಬೆಳ್ಳುಳ್ಳಿ ಹುರಿದು ತುಪ್ಪದಲ್ಲಿ ಹಾಕಿಕೊಂಡೆಯಾ, ಮೆಂತ್ಯದ ಗಂಜಿ ಕುಡಿದೆಯಾ. ನನ್ನ ಗಂಡ ಪಕ್ಕದ ನ್ಗಾರಾ ಬಡಾವಣೆಯ ಗುಜರಾತಿ ಅಂಗಡಿಗಳಿಂದ ಎಲ್ಲವನ್ನೂ ಹೊತ್ತು ತಂದರು. ನಾನು ತಿಂದೆ, ಕುಡಿದೆ, ಬೆವರಿದೆ. ಅತ್ತೆ ಫೋನ್ ಮಾಡಿದರು, ಚಿಕ್ಕಮ್ಮ ಮಾಡಿದರು, ಗಂಡನ ಕಡೆಯ ಯಾರೋ ಅಕ್ಕ ಮಾಡಿದರು. ಎಲ್ಲರದೂ ಒಂದೇ ಪ್ರಶ್ನೆ, ಹಾಲು ಬಂತಾ. ಡಾಕ್ಟರು ಪುಡಿಹಾಲು ಕೊಟ್ಟರೆ ಏನೂ ತೊಂದರೆಯಿಲ್ಲ ಎಂದಿದ್ದರು. ಅವರು ಹೇಳಿದ್ದು ಸರಿಯೇ. ಆದರೆ ಆ ಒಂಬತ್ತು ದಿನದಲ್ಲಿ ಫೋನ್ ರಿಂಗ್ ಆದರೆ ನಾನು ಅದನ್ನು ದಿಂಬಿನ ಕೆಳಗೆ ತಳ್ಳಿಬಿಡುತ್ತಿದ್ದೆ.

ಅವತ್ತು ಮಧ್ಯಾಹ್ನ ಕೂಸು ಬಾಟಲಿಯ ಹಾಲನ್ನೂ ಕಕ್ಕಿ ಒಂದೇ ಸಮನೆ ಅಳುತ್ತಿತ್ತು. ಗಂಡ ಕೆಲಸಕ್ಕೆ ಹೋಗಿದ್ದರು. ಬಾಗಿಲು ಬಡಿದ ಸದ್ದಾಗಿ ತೆರೆದರೆ ಕೆಳಗಿನ ಮನೆಯ ಮುದುಕಿ. ಒಂದು ಕೈಯಲ್ಲಿ ಬಿಸಿನೀರಿನ ಕೆಟಲ್, ಹೆಗಲ ಮೇಲೆ ಎರಡು ಟವೆಲ್.

ಆಕೆ ಜಪಾನಿನವರು. ಸುಮಾರು ಎಪ್ಪತ್ತು ವರ್ಷ, ಹುಡುಗನ ಹಾಗೆ ಕತ್ತರಿಸಿದ ಬಿಳಿ ಕೂದಲು. ವಯಸ್ಸಿನಲ್ಲಿದ್ದಾಗ ಸೂಲಗಿತ್ತಿಯಾಗಿ ಎರಡು ವರ್ಷದ ಸೇವೆಗೆಂದು ಕೀನ್ಯಾಕ್ಕೆ ಬಂದವರು ಹಿಂದಿರುಗಿ ಹೋಗಲೇ ಇಲ್ಲ. ನಿವೃತ್ತರಾದ ಮೇಲೆ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಬ್ಬರೇ ಇದ್ದು, ಎಣ್ಣೆ ಡಬ್ಬಗಳಲ್ಲಿ ಸೊಪ್ಪು ಬೆಳೆಸಿಕೊಂಡಿದ್ದರು. ಕಟ್ಟಡದವರೆಲ್ಲ ಇಲ್ಲಿನ ರೂಢಿಯಂತೆ ಅವರನ್ನು ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದರು. ಮುಂದೆ ನಾನು ಫೋನಿನಲ್ಲಿ "ಮಾಮಾ ಬಂದು ಎದೆ ನೀವಿದರು" ಎಂದಾಗ ಮೈಸೂರಿನಲ್ಲಿದ್ದ ನನ್ನ ಅಮ್ಮ ಗಾಬರಿಯಾಗಿ "ಯಾವ ಮಾಮಾನೇ? ಬಾಣಂತಿ ಕೋಣೆಗೆ ಗಂಡಸರನ್ನ ಯಾಕೆ ಬಿಟ್ಕೊಂಡೆ?" ಎಂದಿದ್ದರು. ಅದಕ್ಕೇ ನಾವು ಮನೆಯಲ್ಲಿ ಅವರನ್ನು ಅಜ್ಜಿ ಎಂದು ಕರೆಯತೊಡಗಿದೆವು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷ್, ಅರ್ಧ ಸ್ವಾಹಿಲಿ. ಎರಡೂ ಇಬ್ಬರಿಗೂ ಸರಿಯಾಗಿ ಬಾರದು. ಅದನ್ನು ಕನ್ನಡಕ್ಕೆ ತಿರುಗಿಸಿಕೊಂಡಿದ್ದೇನೆ.

ಬಚ್ಚಲಿನ ಕೊಳವೆಗಳು ಇಳಿಯುವ ಸಂದಿಯಿಂದ ಕೂಸಿನ ಅಳು ಕೆಳಗಿನವರೆಗೂ ಕೇಳುತ್ತದೆ ಎಂದರು. ಮೂರು ದಿನ ಕೇಳಿಸಿಕೊಂಡು ಸುಮ್ಮನಿದ್ದರಂತೆ, ಮನೆಯವರು ಯಾರಾದರೂ ಇರಬಹುದೆಂದು. ಯಾರೂ ಇಲ್ಲವೆಂದು ತಿಳಿದು ಮೇಲೆ ಬಂದಿದ್ದರು. ಒಳಗೆ ಬಂದವರು ನನ್ನನ್ನು ನೋಡಿದರು, ಹಾಲು ಬಂತಾ ಎಂದು ಕೇಳಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿದರು. ಅಡುಗೆಕೋಣೆಯಲ್ಲೇ ಗೋಡೆಗೊರಗಿಸಿ ಕೂರಿಸಿ, ಕೂಸಿನ ಬಟ್ಟೆ ಬಿಚ್ಚಿ ನನ್ನ ಎದೆಯ ಮೇಲೆ ಮಲಗಿಸಿ, ಮೇಲೆ ನನ್ನದೇ ಶಾಲು ಹೊದಿಸಿದರು. ಕೂಸು ನಿದ್ದೆಹೋದ ಮೇಲೆ ಬಿಸಿ ಟವೆಲ್ ಹಿಂಡಿ ಎದೆಗೆ ಇಟ್ಟು, ಬೆರಳ ತುದಿಗಳಿಂದ ಮೆಲ್ಲಗೆ, ರೊಟ್ಟಿ ತಟ್ಟುವಾಗ ಅಂಚು ಸರಿಪಡಿಸುವ ಹಾಗೆ, ಸುತ್ತ ನೀವತೊಡಗಿದರು. ನೀವುತ್ತಾ ಕಥೆ ಹೇಳಿದರು.

ಅವರ ಊರು ಸಮುದ್ರದ ದಂಡೆಯಲ್ಲಿ, ಗುಡ್ಡಕ್ಕೂ ನೀರಿಗೂ ನಡುವೆ ಸಿಕ್ಕಿಕೊಂಡ ಸಣ್ಣ ಮೀನುಗಾರರ ಊರು. ಊರ ಮೇಲಿನ ಗುಡ್ಡದಲ್ಲಿ ಒಂದು ಬಂಡೆ. ಹಿಂದೆ ಯಾವಾಗಲೋ ಹೆರಿಗೆಯಲ್ಲಿ ತಾಯಿ ಸತ್ತು, ಅಜ್ಜಿಯೊಬ್ಬಳು ಮೊಮ್ಮಗುವನ್ನು ಎತ್ತಿಕೊಂಡು ಹಾಲಿಗಾಗಿ ಮನೆಮನೆ ಅಲೆದಳು. ಹಿಮ ಬೀಳುವ ಕಾಲ, ಯಾರೂ ಬಾಗಿಲು ತೆರೆಯಲಿಲ್ಲ. ಸೋತು ಆ ಬಂಡೆಯ ಕೆಳಗೆ ಕೂತಾಗ ಬಂಡೆಯ ತುಟಿಯಿಂದ ಬೆಳ್ಳಗೆ ಹನಿಯೊಂದು ಕೂಸಿನ ಬಾಯಿಗೆ ಬಿತ್ತು. ಆಮೇಲೆ ಇನ್ನೊಂದು. ಆ ಹನಿಗಳನ್ನು ಕುಡಿದೇ ಮಗು ಬೆಳೆಯಿತು. ಅಂದಿನಿಂದ ಹಾಲು ಬಾರದ ತಾಯಂದಿರು ಅಲ್ಲಿಗೆ ಹೋಗಿ ಬಟ್ಟೆಯಲ್ಲಿ ಹೊಲಿದ ಒಂದು ಜೊತೆ ಮೊಲೆಗಳನ್ನು ತೂಗುಹಾಕಿ ಬೇಡಿಕೊಳ್ಳುತ್ತಾರೆ. ಹಾಲು ಬಂದ ಮೇಲೆ ಮಗುವನ್ನು ಕರೆದುಕೊಂಡು ಹೋಗಿ ಇನ್ನೊಂದು ಜೊತೆ ಕಟ್ಟಿ ಬರುತ್ತಾರೆ.

"ಬಂಡೆ ನಿಧಾನ. ಹನಿ ಹನಿಯಾಗಿಯೇ ಕೊಡೋದು. ನೀನೂ ಅವಸರ ಮಾಡಬೇಡ" ಎಂದರು.

ಆ ಸಂಜೆ ನನ್ನದೊಂದು ಹಳೆಯ ಟವೆಲ್ಲನ್ನು ಕತ್ತರಿಸಿ, ಹತ್ತಿ ತುಂಬಿ, ಎರಡು ಪುಟ್ಟ ಉಂಡೆಗಳನ್ನು ಹೊಲಿದು ಪೂರ್ವದ ಕಿಟಕಿಯ ಚಿಲಕಕ್ಕೆ ಕಟ್ಟಿದರು. ಬಂಡೆ ಇಲ್ಲಿಂದ ದೂರವಿದ್ದರೂ ಅದರ ದಿಕ್ಕು ತನಗೆ ಗೊತ್ತು ಎಂದರು. ಗಂಡ ಮನೆಗೆ ಬಂದು ಅದನ್ನು ನೋಡಿ ಇದೇನು ಎಂದು ಕೇಳಿ, ತಿಳಿದ ಮೇಲೆ ಚಪ್ಪಲಿ ಬಿಟ್ಟು ಬಂದು ಕೈಮುಗಿದರು. ಅವರು ಅಂಥದ್ದನ್ನೆಲ್ಲ ನಂಬುವವರಲ್ಲ.

ಅಜ್ಜಿ ದಿನಕ್ಕೆ ಮೂರು ಸಲ ಮೆಟ್ಟಿಲು ಹತ್ತಿ ಬಂದರು. ನಾಲ್ಕನೆಯ ದಿನ ಒಂದು ಟೀ ಚಮಚದಷ್ಟು ಹಾಲು ಬಂತು. ಅವರು ಆ ಚಮಚವನ್ನು ದೀಪ ಹಿಡಿದ ಹಾಗೆ ಹಿಡಿದು ಕೂಸಿನ ತುಟಿಗೆ ತಾಗಿಸಿದರು. ಎರಡು ವಾರದಲ್ಲಿ ಪುಡಿಹಾಲಿನ ಡಬ್ಬ ಮೂಲೆ ಸೇರಿತು. ನಾನು ಅವರ ಕೈ ಹಿಡಿದುಕೊಂಡು ಅಸಾಂಟೆ, ಅಸಾಂಟೆ ಎಂದು ಸ್ವಾಹಿಲಿಯಲ್ಲಿ ಧನ್ಯವಾದದ ಅದೊಂದೇ ಮಾತು ಹೇಳಿದೆ. ಅವರು ಕೈ ಬಿಡಿಸಿಕೊಂಡರು.

"ನನಗಲ್ಲ, ಬಂಡೆಗೆ ಹೇಳು. ನೀನು, ನಿನ್ನ ಮಗಳು ಹೋಗಿ ಹೇಳಬೇಕು. ಪೋಲೆ ಪೋಲೆ, ನಿಧಾನವಾಗಿ. ಅದೇನೂ ಎದ್ದು ಓಡಿಹೋಗಲ್ಲ."

ಅಮ್ಮ ಮರುವರ್ಷ ಬಂದರು. ಅಜ್ಜಿಗೆಂದು ಮೈಸೂರಿನಿಂದ ಒಂದು ರೇಷ್ಮೆ ಸೀರೆ ತಂದಿದ್ದರು, ಗಿಳಿಹಸಿರು, ಸಣ್ಣ ಜರಿಯಂಚು. ಅಜ್ಜಿ ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಅವರು ಸೀರೆ ಉಡುವವರಲ್ಲ ಎಂದು ಅಮ್ಮನಿಗೂ ಗೊತ್ತಿತ್ತು. ಇಬ್ಬರಿಗೂ ಸಮಾನವಾದ ಭಾಷೆಯಿಲ್ಲ. ಆದರೂ ಆ ಎರಡು ತಿಂಗಳು ಮಧ್ಯಾಹ್ನದ ಹೊತ್ತು ಒಟ್ಟಿಗೆ ಕೂತು ಬಟಾಣಿ ಸುಲಿಯುತ್ತಿದ್ದರು.

ವರ್ಷಗಳು ಹೋದವು. ಮಗಳು ಶಾಲೆಗೆ ಸೇರಿದಳು. ಗಂಡನಿಗೆ ಬಡ್ತಿ ಸಿಕ್ಕಿ ನಾವು ಲ್ಯಾವಿಂಗ್ಟನ್‌ಗೆ ಮನೆ ಬದಲಾಯಿಸಿದೆವು. ಅಜ್ಜಿ ಪಂಗಾನಿಯಲ್ಲೇ ಉಳಿದರು. ನಮ್ಮ ಕಾಂಪೌಂಡಿನಲ್ಲೊಂದು ಕೋಣೆ ಇದೆ, ಬನ್ನಿ ಎಂದು ಎಷ್ಟು ಸಲ ಕರೆದರೂ ಬರಲಿಲ್ಲ. ಗೇಟಿನ ಒಳಗಿನ ಮೌನ ತನಗಾಗದು, ರಸ್ತೆಯ ಮಟಾಟು ವ್ಯಾನುಗಳ ಹಾರ್ನ್ ಇಲ್ಲದೆ ನಿದ್ದೆ ಬಾರದು ಎಂದರು. ಅವರ ಮೊಣಕಾಲು ಹಾಳಾಗುತ್ತಾ ಬಂತು. ಒಮ್ಮೆ ಊರಿಗೆ ಹೋಗಿ ಬರೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದಾಗ ಬಂಡೆಗೆ ನೂರಕ್ಕಿಂತ ಹೆಚ್ಚು ಮೆಟ್ಟಿಲಿವೆ, ನನ್ನ ಪಾಲಿನದನ್ನೂ ನೀನೇ ಹತ್ತು ಎಂದು ನಕ್ಕುಬಿಟ್ಟರು.

ಹೋಗುವ ಸಂದರ್ಭ ಬಂದದ್ದು ಮಗಳಿಗೆ ಹನ್ನೊಂದಾದಾಗ. ಕಾರ್ಖಾನೆಯವರು ಮಾತ್ರೆ ಪ್ಯಾಕ್ ಮಾಡುವ ಹೊಸ ಯಂತ್ರವೊಂದನ್ನು ಜಪಾನಿನಿಂದ ತರಿಸುತ್ತಿದ್ದರು. ತರಬೇತಿಗೆ ನನ್ನ ಗಂಡನನ್ನು ಎರಡು ವಾರ ಕಳಿಸುವುದೆಂದಾಯಿತು. ಏಪ್ರಿಲ್ ರಜೆ. ನಾನೂ ಮಗಳೂ ಅವರ ಜೊತೆ ಹೊರಟೆವು.

ಹೊರಡುವ ಮುಂಚೆ ಅಜ್ಜಿ ಒಂದು ಗಂಟು ಕೊಟ್ಟರು. ಬಿಚ್ಚಿದರೆ ಅಮ್ಮನ ಸೀರೆಯ ಸೆರಗಿನಿಂದ ಹೊಲಿದ ಒಂದು ಜೊತೆ ಮೊಲೆಗಳು. ಜರಿಯಂಚು ಸುತ್ತ ಬರುವ ಹಾಗೆ, ತುದಿಗೆ ಕೆಂಪು ಗುಂಡಿ ಇಟ್ಟು, ಬಹಳ ಚೆಂದ ಹೊಲಿದಿದ್ದರು. ಸೀರೆ ಕತ್ತರಿಸಿದ್ದಕ್ಕೆ ನಿಮ್ಮ ಅಮ್ಮನ ಒಪ್ಪಿಗೆ ಕೇಳು ಎಂದರು. ವಿಡಿಯೋದಲ್ಲಿ ತೋರಿಸಿದಾಗ ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, ಉಟ್ಟಿದ್ದರೂ ಇಷ್ಟು ಸಂತೋಷ ಆಗ್ತಿರಲಿಲ್ಲ ಎಂದರು. ಮಗಳಿಗೆ ಮಾತ್ರ ನಾಚಿಕೆ. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಏರ್‌ಪೋರ್ಟಿನಲ್ಲಿ ಬ್ಯಾಗ್ ತೆಗೆಸಿದರೆ ನಾನು ನಿನ್ನ ಮಗಳೇ ಅಲ್ಲ ಎಂದು ಹೇಳುತ್ತೇನೆ ಎಂದು ಮೊದಲೇ ಎಚ್ಚರಿಸಿದಳು.

ತೆಗೆಸಿಯೇ ತೆಗೆಸಿದರು. ಜಪಾನಿನಲ್ಲಿ ಇಳಿದಾಗ ಕಸ್ಟಮ್ಸಿನ ಹರೆಯದ ಅಧಿಕಾರಿ ಗಂಟನ್ನು ಬಿಚ್ಚಿ, ಏನೆಂದು ಹೊಳೆದ ಕ್ಷಣ ಕಿವಿಯವರೆಗೂ ಕೆಂಪಾದ. ಮಗಳು ಎರಡು ಹೆಜ್ಜೆ ದೂರ ಸರಿದು ಛಾವಣಿ ನೋಡುತ್ತಾ ನಿಂತಳು. ಆತ ಕರೆದ ಮೇಲೆ ವಯಸ್ಸಾದ ಮಹಿಳಾ ಅಧಿಕಾರಿಯೊಬ್ಬರು ಬಂದರು. ಎಲ್ಲಿಗೆ ಎಂದು ಕೇಳಿದರು. ನಾನು ಅಜ್ಜಿ ಬರೆದುಕೊಟ್ಟ ಚೀಟಿ ತೋರಿಸಿದೆ. ಅವರು ಅದನ್ನು ಓದಿ, ನನ್ನನ್ನು ನೋಡಿ, ಮಗಳನ್ನು ನೋಡಿ, ಗಂಟನ್ನು ನಾನು ಕಟ್ಟಿದ್ದಕ್ಕಿಂತ ಅಚ್ಚುಕಟ್ಟಾಗಿ ಕಟ್ಟಿ ಎರಡೂ ಕೈಯಲ್ಲಿ ವಾಪಸು ಕೊಟ್ಟು ತಲೆಬಾಗಿಸಿದರು. ಮಗಳು ಹತ್ತಿರ ಬಂದು ಆ ಬ್ಯಾಗನ್ನು ತಾನೇ ಹಿಡಿದುಕೊಂಡಳು.

ಗಂಡನನ್ನು ತರಬೇತಿಗೆ ಬಿಟ್ಟು, ನಾವಿಬ್ಬರೂ ಎರಡು ರೈಲು, ಒಂದು ಬಸ್ಸು ಹಿಡಿದು ಅಜ್ಜಿಯ ಊರು ಸೇರಿದೆವು. ಬಸ್ ನಿಲ್ದಾಣದಲ್ಲಿ ಅವರ ತಂಗಿ ಕಾಯುತ್ತಿದ್ದರು. ಅಕ್ಕನದೇ ಮುಖ, ಅದೇ ಕತ್ತರಿಸಿದ ಬಿಳಿ ಕೂದಲು. ಒಂದು ಪುಟ್ಟ ಸರಕು ಗಾಡಿಯನ್ನು ಸ್ವತಃ ಓಡಿಸಿಕೊಂಡು ಬಂದಿದ್ದರು. ಇಂಗ್ಲಿಷ್ ಬಾರದು. ಮಗಳು ಫೋನಿನಲ್ಲಿ ಅನುವಾದದ ಆ್ಯಪ್ ತೆರೆದು ನಮ್ಮಿಬ್ಬರ ನಡುವೆ ಹಿಡಿದಳು. ಪಾಚಿ ಜಾರುತ್ತದೆ, ಹುಷಾರು ಎಂದು ಅವರು ಹೇಳಿದ್ದನ್ನು ಅದು ಬಂಡೆಯ ಕೂದಲು ಬಹಳ ನುಣುಪಾಗಿದೆ ಎಂದು ಹೇಳಿತು. ಮೂವರೂ ನಕ್ಕೆವು, ಅಲ್ಲಿಂದ ಮುಂದೆ ಸಲೀಸಾಯಿತು.

ಮೆಟ್ಟಿಲು ನೂರಲ್ಲ, ಇನ್ನೂರಕ್ಕೆ ಹತ್ತಿರವಿತ್ತು. ಎತ್ತರದ ಮರಗಳ ನಡುವೆ ಹತ್ತಿ ಹೋದರೆ ಕೊನೆಯಲ್ಲಿ ಬಯಲು, ಅದರ ನಡುವೆ ಬಂಡೆ. ಎರಡು ಮಾಳಿಗೆಯಷ್ಟು ಎತ್ತರದ ಕಲ್ಲೊಂದು ಇನ್ನೊಂದರ ಮೇಲೆ ಒರಗಿಕೊಂಡು, ಕೆಳಗೆ ಮೊರವನ್ನು ನಿಲ್ಲಿಸಿಟ್ಟಂತೆ ಪೊಳ್ಳಾಗಿತ್ತು. ಸುತ್ತ ಭತ್ತದ ಹುಲ್ಲಿನ ದಪ್ಪ ಹಗ್ಗ ಕಟ್ಟಿದ್ದರು. ಪೊಳ್ಳಿನ ಬಾಯಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಬಿಳಿ ಬಣ್ಣದ್ದಲ್ಲ, ಬರೀ ನೀರು. ಪಕ್ಕದ ಮರದ ಚೌಕಟ್ಟಿನಲ್ಲಿ ನೂರಾರು ಜೊತೆ ಮೊಲೆಗಳು ತೂಗುತ್ತಿದ್ದವು. ಬಿಳಿಯವು, ಹೂವಿನವು, ಒಂದು ಜೀನ್ಸ್ ಬಟ್ಟೆಯದು, ಮಳೆಯಲ್ಲಿ ನೆನೆದು ಬಣ್ಣ ಹೋದವು. ಅಷ್ಟೂ ಜನ ನನ್ನ ಹಾಗೆ ಯಾವುದೋ ಅಡುಗೆಕೋಣೆಯಲ್ಲಿ ಕೂತು ಅತ್ತವರು.

ಗಿಳಿಹಸಿರಿನ ಜೊತೆಯನ್ನು ಮಗಳೇ ಕಟ್ಟಿದಳು, ಮೇಲಿನ ಸಾಲಿನಲ್ಲಿ, ತುದಿಗಾಲಲ್ಲಿ ನಿಂತು. ನಾನು ಕಣ್ಣು ಮುಚ್ಚಿ ನಮಗೆ ಗೊತ್ತಿದ್ದ ರೀತಿಯಲ್ಲಿ ಕೈಮುಗಿದೆ. ಹೇಳಬೇಕೆಂದುಕೊಂಡಿದ್ದ ಮಾತೆಲ್ಲ ಮರೆತು, ಇವಳು ಈಗ ಚೆನ್ನಾಗಿದ್ದಾಳೆ ಎಂದಷ್ಟೇ ಹೇಳಲು ಬಂತು.

ಆಮೇಲೆ ಅಜ್ಜಿಯ ತಂಗಿ ನಮ್ಮನ್ನು ಕಲ್ಲಿನ ಬೆಂಚಿನ ಮೇಲೆ ಕೂರಿಸಿ ಬಂಡೆಯ ಕಥೆ ಹೇಳಿದರು. ನನಗೆ ಗೊತ್ತಿರುವ ಕಥೆಯೇ ಎಂದು ಕೇಳುತ್ತಾ ಹೋದೆ. ಆದರೆ ಕಥೆಯ ಮುದುಕಿ ಮೊಮ್ಮಗುವಿನೊಂದಿಗೆ ಬಂಡೆಯ ಕೆಳಗೆ ಕೂತಲ್ಲಿಂದ ಕಥೆ ಬೇರೆ ದಾರಿ ಹಿಡಿಯಿತು. ಬಂಡೆ ಹಾಲು ಕೊಡಲಿಲ್ಲ. ಆ ಮುದುಕಿ ಗುಡ್ಡದ ಆಚೆಯ ಊರಿನವಳು. ಆ ಊರಿಗೂ ಈ ಊರಿಗೂ ಮೀನಿನ ವಿಷಯಕ್ಕೆ ತಲೆತಲಾಂತರದ ಜಗಳ, ಮಾತುಕತೆ ಇಲ್ಲ. ಆದರೆ ಹಸಿದ ಕೂಸು ಅತ್ತಾಗ ಪೊಳ್ಳು ಬಂಡೆ ಆ ಅಳುವನ್ನು ದೊಡ್ಡದು ಮಾಡಿ ಕೆಳಗಿನ ಮನೆಗಳವರೆಗೂ ಕಳಿಸಿತು. ಎಳೆಮಕ್ಕಳಿದ್ದ ಹೆಂಗಸರಿಗೆ ಕೇಳುತ್ತಾ ಕೂರಲಾಗಲಿಲ್ಲ. ಗಂಡಸರು ಬೇಡವೆಂದರೂ ಹಿಮದಲ್ಲಿ ಒಬ್ಬೊಬ್ಬರಾಗಿ ಹತ್ತಿ ಬಂದು ಹಾಲೂಡಿಸಿದರು. ಇಡೀ ಚಳಿಗಾಲ ಸರದಿಯ ಮೇಲೆ ಬಂದರಂತೆ.

ಮಗಳು ಅನುವಾದ ಸರಿಯಿದೆಯೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ನಂಬಿಕೆ ಬಾರದಿದ್ದರೆ ನೀವೇ ನೋಡಿ ಎಂದು ತಂಗಿ ಅವಳನ್ನು ಪೊಳ್ಳಿನೊಳಗೆ ನಿಲ್ಲಿಸಿ, ತಾನು ಕೆಳಗೆ ರಸ್ತೆಗೆ ಹೋದ ಮೇಲೆ ಏನಾದರೂ ಕೂಗು ಎಂದು ಹೇಳಿ ಮೆಟ್ಟಿಲಿಳಿದರು. ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಲು ಒತ್ತಿ ನಿಂತಳು. ಏನು ಕೂಗುವುದೆಂದು ತೋಚಲಿಲ್ಲ. ಕೊನೆಗೆ ದಿನಾ ಸಂಜೆ ನಾನು ಮನೆಯಲ್ಲಿ ಕೂಗುವುದನ್ನೇ ಕೂಗಿದಳು.

"ಊಟಕ್ಕೆ ಬನ್ರೋ!"

ಆ ಧ್ವನಿ ಕಲ್ಲಿನೊಳಗೆ ಒಂದು ಸುತ್ತು ಹಾಕಿ ಹೊರಗೆ ಹೋದದ್ದು ನನ್ನ ಪಾದಕ್ಕೆ ತಿಳಿಯಿತು. ಬಹಳ ಕೆಳಗೆ, ಸಮುದ್ರದ ಬದಿಯ ರಸ್ತೆಯಲ್ಲಿ ಕಡ್ಡಿಯಷ್ಟು ಕಾಣುತ್ತಿದ್ದ ತಂಗಿ ಎರಡೂ ಕೈ ಮೇಲೆತ್ತಿದರು. ಆ ಹೊತ್ತಿಗೆ ಊರಿನ ಧ್ವನಿವರ್ಧಕದಲ್ಲಿ ಸಂಜೆ ಐದರ ರಾಗ ಶುರುವಾಯಿತು. ಮಕ್ಕಳು ಮನೆಗೆ ಹೋಗಲೆಂದು ಅಲ್ಲಿ ದಿನಾ ಹಾಕುತ್ತಾರಂತೆ.

ನೈರೋಬಿಗೆ ಬಂದಿಳಿದಾಗ ಮಳೆಗಾಲ ಜೋರಾಗಿತ್ತು. ಮಾರನೆಯ ಮಧ್ಯಾಹ್ನವೇ ಪಂಗಾನಿಗೆ ಹೋದೆವು. ತಂಗಿ ಕಳಿಸಿದ ಒಣಗಿದ ಕಡಲಸೊಪ್ಪಿನ ಪೊಟ್ಟಣವನ್ನು ಅಜ್ಜಿ ಮೂಸಿ ನೋಡಿ ಬದಿಗಿಟ್ಟು, ಮೆಟ್ಟಿಲು ಎಷ್ಟಿದ್ದವು ಎಂದು ಮೊದಲು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತಾ, ನಿಮ್ಮ ತಂಗಿ ಹೇಳಿದ ಕಥೆ ಬೇರೆಯಿತ್ತು ಎಂದೆ. ಯಾವುದು ನಿಜ ಎಂದು ಕೇಳುವುದು ನನ್ನ ಉದ್ದೇಶವಾಗಿರಲಿಲ್ಲ, ಆದರೂ ಕೇಳಿದ ಹಾಗೆಯೇ ಆಯಿತು.

ಅಜ್ಜಿ ಮೊಣಕಾಲಿನ ಮೇಲಿನ ಬಿಸಿನೀರಿನ ಚೀಲವನ್ನು ಸರಿಪಡಿಸಿಕೊಂಡರು.

"ಎರಡೂ ಹೇಳ್ತಾರೆ. ಹನಿಯದ್ದು ನಮ್ಮಮ್ಮ ಹೇಳ್ತಿದ್ದದ್ದು. ಹೆಂಗಸರು ಬಂದದ್ದು ನಮ್ಮಜ್ಜಿ ಹೇಳ್ತಿದ್ದದ್ದು. ಆವತ್ತು ನೀನು ನೆಲದ ಮೇಲೆ ಕೂತಿದ್ದೆ. ನಿಮ್ಮಮ್ಮ ಬರೋ ಹಾಗಿರಲಿಲ್ಲ. ಹೆಂಗಸರು ಓಡಿ ಬಂದರು ಅಂತ ಹೇಳಿದ್ದರೆ ನೀನು ಬಾಗಿಲ ಕಡೆ ನೋಡ್ತಾ ಕೂರ್ತಿದ್ದೆ. ಅದಕ್ಕೆ ಯಾರೂ ಬರಬೇಕಾಗಿಲ್ಲದ ಕಥೆ ಹೇಳಿದೆ."

ಆ ಮಧ್ಯಾಹ್ನ ನನ್ನ ಎದೆ ನೀವುತ್ತಾ, ಯಾವ ಕಥೆ ನನಗೆ ತಾಳಿಕೊಳ್ಳಲು ಆಗುತ್ತದೆಂದು ಈ ಹೆಂಗಸು ಯೋಚಿಸಿದ್ದರು. ಆದರೆ ನೀವು ಬಂದಿರಲ್ಲ ಅಜ್ಜಿ, ಎಂದೆ. ಅವರು ಕೈಯಾಡಿಸಿ ಆ ಮಾತನ್ನು ಅಲ್ಲಿಗೇ ಬಿಟ್ಟುಬಿಟ್ಟರು. ಈ ಸಲ ನಾನು ಬಿಡಲಿಲ್ಲ. ಎದ್ದು ಹೋಗಿ ಅವರ ಪಾದ ಮುಟ್ಟಿದೆ. ಹಿರಿಯರ ಕಾಲಿಗೆ ಬೀಳುವುದು ನಮ್ಮಲ್ಲಿ ದಿನನಿತ್ಯದ ವಿಷಯ. ಹನ್ನೊಂದು ವರ್ಷದಲ್ಲಿ ಅವರಿಗೆ ಮಾಡಿರಲಿಲ್ಲ. ಅವರು ಪಾದ ಹಿಂದೆಳೆದುಕೊಳ್ಳಲು ನೋಡಿದರು, ಮೊಣಕಾಲು ಬಗ್ಗಲಿಲ್ಲ. ನನ್ನ ತಲೆಯ ಮೇಲೆ ಅವರ ಕೈ ಬಂತು.

ಮಗಳು ಫೋನ್ ತೆಗೆದು ಬಂಡೆಯೊಳಗಿನ ರೆಕಾರ್ಡಿಂಗ್ ಹಾಕಿದಳು. ತೊಟ್ಟಿಕ್ಕುವ ನೀರು, ಕಾಗೆಗಳು, ಆಮೇಲೆ ಅವಳ ಕೂಗು. ಅಜ್ಜಿ ಅರ್ಥ ಕೇಳಿ ತಿಳಿದುಕೊಂಡು ಬಹಳ ನಕ್ಕರು. ಅದರ ಹಿಂದೆಯೇ ಐದರ ರಾಗ ಬಂತು. ಅವರ ನಗು ನಿಂತಿತು. ರಾಗ ಮುಗಿಯುವವರೆಗೂ ಕಣ್ಣು ಕಿಟಕಿಯ ಕಡೆಗಿತ್ತು. ಅದನ್ನು ಇನ್ನೂ ಬದಲಾಯಿಸಿಲ್ಲ ಎಂದರು. ಮಗಳು ಕೇಳದೆಯೇ ಇನ್ನೊಮ್ಮೆ ಹಾಕಿದಳು, ಆಮೇಲೆ ಅವರ ಪಕ್ಕ ನೆಲದ ಮೇಲೆ ಕೂತು ಅದನ್ನು ಅವರ ಫೋನಿಗೂ ಕಳಿಸಿ, ಹೇಗೆ ತೆರೆಯುವುದೆಂದು ತೋರಿಸಿಕೊಟ್ಟಳು. ಅಜ್ಜಿಗೆ ಮೂರು ಸಲ ತಪ್ಪಿ ನಾಲ್ಕನೆಯ ಸಲ ಬಂತು.

ಹೊತ್ತಾಗುತ್ತಿತ್ತು. ಅಜ್ಜಿ ಎದ್ದು, ಮೇಜು ಹಿಡಿದುಕೊಂಡು, ಅನ್ನದ ಉಂಡೆಗಳನ್ನು ಕಟ್ಟಿ ತಂಗಿಯ ಕಡಲಸೊಪ್ಪು ಸುತ್ತಿ ಕೊಟ್ಟರು. ಮಗಳು ಎರಡು ತಿಂದಳು. ಈಗ ಶನಿವಾರ ಬಂದರೆ ಅವಳನ್ನು ಪಂಗಾನಿಗೆ ಬಿಟ್ಟು ಬರಬೇಕು. ಎಣ್ಣೆ ಡಬ್ಬದ ಗಿಡಗಳಿಗೆ ಗೊಬ್ಬರ ಹಾಕುವುದು, ಮಾರುಕಟ್ಟೆಯಿಂದ ಸಾಮಾನು ತರುವುದು ಅವಳ ಕೆಲಸ. ಅಜ್ಜಿ ಅವಳಿಗೆ ಹೊಲಿಗೆ ಹೇಳಿಕೊಡುತ್ತಾರೆ. ಇಬ್ಬರೂ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ, ನಾನು ಕೇಳುವುದೂ ಇಲ್ಲ.

ಅವತ್ತು ನಾವು ಹೊರಟಾಗ ಬೇಡವೆಂದರೂ ಅಜ್ಜಿ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದರು. ಬೀಳ್ಕೊಡುವಾಗ ಅವರ ಕಡೆಯವರು ಅತಿಥಿ ಕಣ್ಣಿಂದ ಮರೆಯಾಗುವವರೆಗೂ ನಿಲ್ಲುತ್ತಾರೆ. ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಮ್ಮ ಕಾರು ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ಅವರೂ ಕಾಲು ಗಂಟೆ ನಿಂತರು. ಮಗಳು ಗಾಜು ಇಳಿಸಿ, ಒಳಗೆ ಹೋಗಿ ಅಜ್ಜಿ ಎಂದು ಕನ್ನಡದಲ್ಲೇ ಹೇಳಿದಳು. ಅವರಿಗೆ ಅದು ಅರ್ಥವಾಯಿತೋ ಇಲ್ಲವೋ, ಕೊಡೆ ಎತ್ತಿ ಆಡಿಸಿದರು.